ಹುಳಕ್ಕೊಂದು ಹೆಸರು

ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮಂಜೂರ ಅಂದು ಬೆಳಿಗ್ಗೆ ಅಂಗಳಕ್ಕೆ ಬಂದು, ನೀರಿನ ಟಾಕಿಯ ಮೇಲೆ ಹತ್ತಿ ನಿಂತು ಮಾತಾಡಿದ. ಆ ಕಡೆಯಿಂದ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಹುಳಗಳ ಸಂಶೋಧನೆ ಮಾಡುವ ವಿಜಯಲಕ್ಷ್ಮಿ ಮೇಡಂ.

"ಹುಳಾ ಹೊಸಾದು ಅಂತ ಖಾತ್ರಿ ಆತ್ರಿ?" ಎಂದು ಅವನು ಕೂಗಿದ. "ಹೆಸರು ನಾನ ಇಡಬೇಕ್ರಿ? ಮನಷ್ಯಾರ ಹೆಸರ ಇಟ್ರೂ ನಡೀತೈತ್ರಿ? ಸಂಜೀಕ ಹೇಳ್ತೇನ್ರಿ ಮೇಡಂ!"

ಬಸವನ ಬಾಗೇವಾಡಿಯ ಆ ಓಣಿಯಲ್ಲಿ ಕದ್ದು ಕೇಳುವ ಕೆಟ್ಟ ಚಾಳಿ ಯಾರಿಗೂ ಇರಲಿಲ್ಲ. ಕೇಳಲು ಅಷ್ಟು ಶ್ರಮಪಡುವ ಅಗತ್ಯವೇ ಅಲ್ಲಿ ಬೀಳುತ್ತಿರಲಿಲ್ಲ.

ಮಂಜೂರ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗು ಎನ್ನಬಹುದಾದವನು. ಹಿಂದಿನ ವರ್ಷ ವಿದ್ಯಾರ್ಥಿಗಳ ಜೊತೆ ಕಾರವಾರದ ಕಡೆ ಪ್ರವಾಸಕ್ಕೆ ಹೋದಾಗ ಉಳಿದವರೆಲ್ಲ ಕಪ್ಪೆಚಿಪ್ಪು ಆರಿಸಿಕೊಂಡರು. ಇವನು ಕಡಲದಂಡೆಯ ಕೇದಗೆ ಗಿಡದ ಬುಡ ಕೆದರಿ ಒಂದು ಚೀಲ ಉಸುಕು ತಂದ. ಆ ಉಸುಕಿನಲ್ಲಿ ಬರಿಗಣ್ಣಿಗೆ ಕಾಣದ ಒಂದು ಹುಳವಿತ್ತು. ಅದರ ಬಾಯಲ್ಲಿ ಸೂಜಿಯಂಥದೊಂದು ಮುಳ್ಳು. ಅದನ್ನು ಬೇರಿಗೆ ಚುಚ್ಚಿ ರಸ ಹೀರಿಕೊಂಡು ಬದುಕುವುದೇ ಅದರ ಕಸುಬು. ಬಿಸಿನೀರು ಸೋಕಿ ಸತ್ತರೆ ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮಂಜೂರ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಅದರ ತುಟಿ, ಸೂಜಿ, ಬಾಲಗಳನ್ನು ಅಳೆದ, ಚಿತ್ರ ಬರೆದ, ಜಗತ್ತಿನ ಯಾವ ಹುಳವನ್ನೂ ಅದು ಹೋಲುವುದಿಲ್ಲ ಎಂದು ಕಂಡಮೇಲೆ ಮೇಡಮ್ಮರಿಗೆ ಕಳಿಸಿದ. ಈಗ ಇಬ್ಬರ ಹೆಸರಿನಲ್ಲೂ ಪ್ರಬಂಧ ಸಿದ್ಧವಾಗಿತ್ತು. ಅದು ಅಚ್ಚಾದರೆ ಮುಂದಿನ ವರ್ಷವೂ ಅತಿಥಿಯಾಗಿ ಉಳಿಯಬಹುದು. "ಪ್ರಬಂಧದಾಗ ಹೆಸರಿದ್ದವ್ರಿಗೇ ಮೊದಲ ಅವಕಾಶ" ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೇಳಿಬಿಟ್ಟಿದ್ದರು.

ಟಾಕಿಯಿಂದ ಇಳಿಯುವಷ್ಟರಲ್ಲಿ ಮನೆಯ ಮಾಲಕಿ ಕಸ್ತೂರೆವ್ವ ಸೆರಗು ಸರಿಮಾಡಿಕೊಳ್ಳುತ್ತ ಎದುರಿಗೆ ನಿಂತಿದ್ದಳು.

"ತಮ್ಮಾ, ಹೆಸರ ಇಡೂದು ನಿನ್ನ ಕೈಯಾಗ ಐತಂತಲ್ಲ. ತೀರಿಹೋದ ನಮ್ಮ ಯಜಮಾನರದು ಇಡು."

"ಅವ್ವಾರ, ಇದು ಹುಳಾರಿ!"

"ಇರ್ಲಿ ಬಿಡು. ಅವರ ಹೆಸರಲೆ ಒಂದು ರಸ್ತಾ ಮಾಡ್ರಿ ಅಂದ್ನಿ, ಆಗಲಿಲ್ಲ. ಬಸ್‌ಸ್ಟ್ಯಾಂಡಿನಾಗ ಮಂದಿ ಕುಂಡ್ರಾಕ ಒಂದು ಕಲ್ಲಿನ ಬಾಕ ಹಾಕ್ರಿ ಅಂದ್ನಿ, ಅದೂ ಆಗಲಿಲ್ಲ. ಹುಳಾ ಆದ್ರ ಹುಳಾ."

"ಬೇರಿಗೆ ಬಿದ್ದು ರಸಾ ಹೀರ್ತೈತ್ರಿ."

"ಅವರೂ ಹಂಗ ಇದ್ರು. ಒಮ್ಮಿ ಹಿಡದ್ರ ಬಿಡ್ತಿದ್ದಿಲ್ಲ," ಎಂದು ಕಸ್ತೂರೆವ್ವ ಕಣ್ಣೊರೆಸಿಕೊಂಡಳು.

ಹೆಸರು ಏನೆಂದು ಮಂಜೂರ ಕೇಳಿದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಕಾಲದವಳಲ್ಲ ಆಕೆ. ಮುಖ ಆ ಕಡೆ ತಿರುಗಿಸಿ ಒಡಪು ಹಾಕಿದಳು: "ಹೊಲದಾಗ ಬಿಳಿಜ್ವಾಳ, ಅಂಗಳದಾಗ ಮಲ್ಲಿಗಿ ಬಣ್ಣ, ನನ್ನ ಹಣಿಬಾರದಾಗ ಬರದವರು ಮಲ್ಲಣ್ಣ!"

ಮಂಜೂರ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನದಿದ್ದರೆ ಹೂಂ ಅಂದಂತೆ ಎಂದು ಕಸ್ತೂರೆವ್ವ ತಿಳಿದುಕೊಂಡಳು.

ಒಳಗೆ ಹೆಂಡತಿ ಅಲ್ಮಾಸ ಚುರಮುರಿ ಸುಸಲಾದ ತಾಟನ್ನು ಅವನ ಮುಂದೆ ಇಟ್ಟಳು. ಇಟ್ಟ ಸಪ್ಪಳದಲ್ಲೇ ಎಲ್ಲ ಕೇಳಿಸಿಕೊಂಡಿದ್ದಾಳೆಂದು ಗೊತ್ತಾಯಿತು. ಮಂಜೂರ ಜಾಣನಾಗಲು ನೋಡಿದ.

"ಖರೇ ಹೇಳ್ಬೇಕಂದ್ರ ನಾ ನಿನ್ನ ಹೆಸರ ಇಡಬೇಕಂತಿದ್ನಿ."

"ನನ್ನ ಹೆಸರಾ? ಮಣ್ಣಾನ ಹುಳಕ್ಕಾ? ಅಲ್ಮಾಸ ಅಂದ್ರ ವಜ್ರರೀ!"

"ಹಂಗಾರ ಬಿಡು, ಇಡೂದಿಲ್ಲ."

"ಇಡೂದಿಲ್ಲಾ? ಮತ್ತ ಯಾರದು ಇಡಾವ್ರು?"

ಅವನು ಸುಸಲಾ ಅರ್ಧಕ್ಕೇ ಬಿಟ್ಟು ಕಾಲೇಜಿಗೆ ಹೊರಟ.

ಸುದ್ದಿ ಅವನಿಗಿಂತ ಮೊದಲೇ ಹೋಗಿ ಸ್ಟಾಫ್ ರೂಮಿನಲ್ಲಿ ಕೂತಿತ್ತು. ಕನ್ನಡ ಕಲಿಸುವ ಸಿದ್ದಾರೂಢ, ಯಾರ ಮನೆಯ ಮದುವೆಯಾದರೂ ತಾನೇ ಬಡಿಸಲು ನಿಲ್ಲುವ ಸ್ವಭಾವದವನು, ಅವನನ್ನು ಹಿಡಿದು ಕೂರಿಸಿಕೊಂಡ.

"ಸರ್, ಗಂಡಸರ ಹೆಸರಾದ್ರ ಹೆಂಗ ಇಡ್ತಾರ?"

"ಹೆಸರಿನ ಕೊನಿಗೆ ಒಂದು 'ಇ' ಹಚ್ತಾರ್ರಿ."

"ಅಂದ್ರ ನಮ್ಮ ಪ್ರಿನ್ಸಿಪಾಲ್ ಶ್ರೀಶೈಲಪ್ಪನವರದು ಶ್ರೀಶೈಲಪ್ಪಿ! ಅಪ್ಪ ಹೋಗಿ ಅಪ್ಪಿ ಆಕ್ಕಾರ!" ಎಂದು ಸಿದ್ದಾರೂಢ ಮೇಜು ಬಡಿದು ನಕ್ಕ. ಅಷ್ಟರಲ್ಲಿ ಪ್ರಿನ್ಸಿಪಾಲರಿಂದಲೇ ಕರೆ ಬಂತು.

ಶ್ರೀಶೈಲಪ್ಪನವರು ಅಂದು ಮಂಜೂರನಿಗೆ ಕುರ್ಚಿ ತೋರಿಸಿದರು. ಹಾಗೆ ತೋರಿಸಿದ್ದು ಅದೇ ಮೊದಲು.

"ನಾ ಏನೂ ಹೇಳೂದಿಲ್ಲ. ಹೆಸರ ಇಡೂದು ನಿಮ್ಮ ಹಕ್ಕು. ಆದ್ರ ನೋಡ್ರಿ, ಕಲ್ಲಿನ ಮ್ಯಾಲ ಹೆಸರ ಕೆತ್ತಿಸಿದ್ರ ಕಲ್ಲೂ ಸವೀತೈತಿ. ಹುಳಾ ಅಂದ್ರ ಮಕ್ಕಳು ಮರಿ ಅಂತ ಬೆಳಕೋತ ಹೋಗ್ತೈತಿ. ಹೌದಿಲ್ಲೋ? ಎಷ್ಟ ದೊಡ್ಡದೈತಿ?"

"ಕಣ್ಣಿಗೆ ಕಾಣೂದಿಲ್ರಿ ಸರ್."

ಪ್ರಿನ್ಸಿಪಾಲರ ಮುಖ ಸ್ವಲ್ಪ ಇಳಿಯಿತು. "ಇರ್ಲಿ. ಏನ ಕೆಲಸಾ ಮಾಡ್ತೈತಿ?"

"ಒಂದ ಕಡೆ ಕುಂತು ಬೇರಿನ ರಸಾ ಹೀರ್ತೈತ್ರಿ."

"ಅದಲ್ರಿ, ಕೆಲಸಾ?"

"ಅದ ಕೆಲಸರೀ."

ಶ್ರೀಶೈಲಪ್ಪನವರು ತಮ್ಮ ಕುರ್ಚಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಮಂಜೂರ ಇದ್ದದ್ದನ್ನೇ ಹೇಳಿದ್ದ. ಇದ್ದದ್ದು ಹೇಳಿದರೆ ಹೀಗಾಗುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಆ ಹೊತ್ತಿಗೇ ಪ್ರಿನ್ಸಿಪಾಲರ ಮೇಜಿನ ಮೇಲಿನ ಮೊಬೈಲು ಟಿಣ್ ಎಂದಿತು. ಸ್ಟಾಫಿನ ವಾಟ್ಸಾಪ್ ಗ್ರೂಪಿನಲ್ಲಿ ಸಿದ್ದಾರೂಢ, ಎಲ್ಲ ನಿಶ್ಚಯವಾಯಿತೆಂದೇ ತಿಳಿದು, ಖುಷಿಯಿಂದ ಬರೆದಿದ್ದ: "ಅಭಿನಂದನೆಗಳು! ಬೇರಿನ ರಸ ಹೀರುವ ಹೊಸ ಹುಳಕ್ಕೆ ನಮ್ಮ ಪ್ರಿನ್ಸಿಪಾಲರ ಹೆಸರು!" ಕೆಳಗೆ ಸಾಲಾಗಿ ನಗುವ ಮುಖಗಳು, ಚಪ್ಪಾಳೆಗಳು.

ಪ್ರಿನ್ಸಿಪಾಲರು ಓದಿ ಮೊಬೈಲನ್ನು ಬೋರಲು ಹಾಕಿದರು.

"ಮಂಜೂರ ಸರ್, ನನ್ನ ಹೆಸರ ಇಟ್ರ ಮಂದಿ ನಗ್ತಾರ. ಈಗ ಇಡದಿದ್ರ ಹುಳಾನೂ ಒಲ್ಲೆ ಅಂತು ಅಂತ ಇನ್ನೂ ನಗ್ತಾರ. ಏನ ಮಾಡ್ತೀರೋ ಮಾಡ್ರಿ. ಮುಂದಿನ ವರ್ಷದ ಫೈಲು ಮಾತ್ರ ನನ್ನ ಕೈಯಾಗ ಐತಿ."

ಮಧ್ಯಾಹ್ನ ಮಾವ ಕುತುಬುದ್ದೀನನ ಫೋನು. ಇಂಡಿ ತಾಲೂಕಿನ ಅಗರಖೇಡದಲ್ಲಿ ಅವನಿಗೆ ಲಿಂಬೆ ತೋಟವಿತ್ತು. ಮಗಳು ಬೆಳಿಗ್ಗೆಯೇ ಎಲ್ಲ ಒಪ್ಪಿಸಿದ್ದಳೆಂದು ಅವನ ಉಸಿರಿನಲ್ಲೇ ತಿಳಿಯಿತು.

"ಅಳಿಯಾರ, ಲಿಂಬಿ ಗಿಡದ ಬುಡಕ ನಿಂತ ಮಾತಾಡಾಕತ್ತೇನಿ. ನಮ್ಮ ಹುಡಿಗಿ ಅಳಾಕತ್ಯಾಳ. ಯಾರೋ ಮಲ್ಲಣ್ಣನ ಹೆಸರ ಇಡ್ತೀರಂತ, ಕಟಗೊಂಡ ಹೇಣ್ತಿದು ಯಾಕ ಬ್ಯಾಡಾತು?"

"ಆಕಿನ ಬ್ಯಾಡ ಅಂದಾಳ್ರಿ ಮಾಮಾ."

"ಬ್ಯಾಡ ಅಂದ್ರ ಬ್ಯಾಡ ಅಂತ ತಿಳಕೊಳ್ಳೂದ? ಇಷ್ಟ ಕಲತು ಏನ ಮಾಡೀರಿ? ಮತ್ತ ಇನ್ನೊಂದು ಮಾತು. ಅಲ್ಮಾಸನ ಹೆಸರ ಇಟ್ರೂ ಇಂಡಿ ಹೆಸರ ಮಾತ್ರ ಬರಬಾರದು. ಇಂಡಿ ಲಿಂಬಿಗೆ ಹುಳಾ ಬಿದ್ದೈತಿ ಅಂತ ಬ್ಯಾಪಾರಿಗಳು ದರಾ ಮುರಿತಾರ."

"ಅದು ಸಮುದ್ರದ ದಂಡಿ ಹುಳಾರಿ. ಇಂಡಿಗೆ ಯಾಕ ಬರ್ತೈತಿ?"

"ನೀವ ತಂದೀರಲ್ಲ!"

ಮಾವ ಫೋನಿಟ್ಟ. ಮಂಜೂರ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತ. ಗಾಜಿನ ಚೂರಿನ ಮೇಲೆ ಹುಳ ಸುರುಳಿ ಸುತ್ತಿಕೊಂಡು ಮಲಗಿತ್ತು. ಮಲ್ಲಣ್ಣನ ಹೆಸರಿಟ್ಟರೆ ಅಲ್ಮಾಸ ಸುಮ್ಮನಿರುವುದಿಲ್ಲ, ಅಲ್ಮಾಸಳದಿಟ್ಟರೆ ಮನೆ ಖಾಲಿ ಮಾಡಬೇಕಾದೀತು, ಪ್ರಿನ್ಸಿಪಾಲರದು ಇಟ್ಟರೂ ಇಡದಿದ್ದರೂ ನೌಕರಿಗೇ ಕುತ್ತು. ಬಹಳ ಹೊತ್ತು ಯೋಚಿಸಿದ ಮೇಲೆ ಅವನಿಗೆ ಒಂದು ಉಪಾಯ ಹೊಳೆದು ಎದೆ ಹಗುರಾಯಿತು. ಅವನು ಮೇಡಮ್ಮರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

"ಮೇಡಂ, ನಾ ಯಾರ ಹೆಸರೂ ಇಡೂದಿಲ್ರಿ. ನೀವು ತಿಳದಂಗ ಇಟ್ಟು ಕಳಸಿಬಿಡ್ರಿ. ನೀವು ಇಟ್ಟದ್ದು ಅಂದ್ರ ಯಾರೂ ನನ್ನ ಕೇಳೂದಿಲ್ಲ."

"ಎಂಥಾ ದೊಡ್ಡ ಮನಸ್ಸು ನಿಮ್ಮದು!" ಎಂದರು ಮೇಡಂ. ಅವರ ದನಿ ತುಂಬಿ ಬಂದಿತ್ತು.

ಸಂಜೆ ಮನೆಗೆ ಬಂದರೆ ಅಂಗಳದ ತುಂಬ ಹೆಂಗಸರು. ಕಸ್ತೂರೆವ್ವ ದೊಡ್ಡ ಪಾತೇಲಿಯಲ್ಲಿ ಗುಗ್ಗರಿ ಕುದಿಸಿ ಇಟ್ಟಿದ್ದಳು.

"ಹೆಸರ ಇಡೂದಂದ್ರ ಗುಗ್ಗರಿ ಹಂಚಬೇಕಲ್ಲೋ ತಮ್ಮಾ. ತೊಟ್ಟಿಲಾ ಒಂದು ಸಿಗಲಿಲ್ಲ."

ಅಲ್ಮಾಸ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಪ್ರಿನ್ಸಿಪಾಲ ಶ್ರೀಶೈಲಪ್ಪನವರೂ ಬಂದು ಕುರ್ಚಿಯಲ್ಲಿ ಕೂತಿದ್ದರು. "ಈ ಹಾದಿಲೆ ಹೊಂಟಿದ್ನಿ," ಎಂದರು. ಆ ಓಣಿಯ ಆಚೆ ಹಾದಿ ಇರಲಿಲ್ಲ. ಅವರನ್ನು ಸ್ಕೂಟರಿನಲ್ಲಿ ಕರೆತಂದವನು ಸಿದ್ದಾರೂಢ.

ಅಷ್ಟರಲ್ಲಿ ಮೇಡಮ್ಮರ ಫೋನು ಬಂತು. "ಎಲ್ಲಾರಿಗೂ ಕೇಳ್ಲಿ," ಎಂದು ಸಿದ್ದಾರೂಢ ಮೊಬೈಲನ್ನು ಕಸಿದುಕೊಂಡು ಸ್ಪೀಕರು ಹಚ್ಚಿದ. ಮಂಜೂರ ತಡೆಯಲಿಲ್ಲ. ಅವನಿಗೆ ಬೇಕಾದದ್ದೂ ಅದೇ.

"ಮಂಜೂರ ಅವರ, ಪ್ರಬಂಧ ಕಳಿಸಿಬಿಟ್ವಿ!" ಎಂದರು ಮೇಡಂ. "ಹುಳದ ಹೆಸರು ಹೆಲಿಕೊಟಿಲೆಂಕಸ್ ಮಂಜೂರಿ!"

ಕಸ್ತೂರೆವ್ವ ಗುಗ್ಗರಿಯ ಸೌಟನ್ನು ಪಾತೇಲಿಯೊಳಗೆ ಬಿಟ್ಟಳು.

"ಮಂಜೂರಿ ಅಂದ್ರ ಇಂವನ? ತನ್ನ ಹೆಸರ ತಾನ ಇಟಗೊಂಡ್ನಾ?"

"ನಮ್ಮ ಹೆಸರೆಲ್ಲಾ ಯಾಕ ಬ್ಯಾಡಾತು ಅಂತ ಈಗ ತಿಳೀತು," ಎಂದರು ಪ್ರಿನ್ಸಿಪಾಲರು.

ಅಲ್ಮಾಸ ಬಾಗಿಲಿನಿಂದ ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

"ಮೇಡಂ, ನಾ ಇಟಗೊಂಡಿಲ್ಲ ಅಂತ ಸ್ವಲ್ಪ ಹೇಳ್ರಿ!" ಮಂಜೂರ ಮೊಬೈಲಿನ ಕಡೆ ಬಾಗಿ ಕೂಗಿದ.

"ಯಾರರ ಹಂಗ ಅಂದಾರು ಅಂತ ನಾನೂ ವಿಚಾರ ಮಾಡೇನಿ," ಎಂದಿತು ಮೊಬೈಲು ನೆಮ್ಮದಿಯಿಂದ. "ತಮ್ಮ ಹೆಸರ ತಾವ ಇಟಗೊಳ್ಳೂದು ನಮ್ಮ ವಿದ್ಯಾದಾಗ ಮರ್ಯಾದಿ ಅಲ್ಲ ನೋಡ್ರಿ. ಅದಕ್ಕ ಪ್ರಬಂಧ ಬರದವರೊಳಗಿಂದ ನಿಮ್ಮ ಹೆಸರ ತಗದುಬಿಟ್ಟೇನಿ. ಈಗ ನಾನು, ನಿಮ್ಮ ಜಾಗಾದಾಗ ನಮ್ಮ ಪಿಎಚ್‌ಡಿ ಹುಡಿಗಿ ಪಲ್ಲವಿ, ಇಬ್ಬರ. ನೀವು ಮಣ್ಣು ತಂದಕೊಟ್ರಿ ಅಂತ ಕೊನಿಗೆ ಆಭಾರ ಹಾಕೇವಿ. ಖುಷಿ ಆತಿಲ್ಲೋ?"

ಫೋನು ಕಟ್ಟಾಯಿತು. ಮಂಜೂರ ತನ್ನದೇನೂ ತಪ್ಪಿಲ್ಲವೆಂದು ಎಲ್ಲರಿಗೂ ರುಜುವಾತಾದ ಆ ಗಳಿಗೆಯಲ್ಲಿ ಟಾಕಿಯ ಕಟ್ಟೆಗೆ ಕೈಯೂರಿ ನಿಂತ. ಕಸ್ತೂರೆವ್ವನಿಗೆ ಕನಿಕರ ಬಂದು ಒಂದು ಬಟ್ಟಲು ಗುಗ್ಗರಿ ಅವನ ಕೈಗೆ ಕೊಟ್ಟಳು.

ಶ್ರೀಶೈಲಪ್ಪನವರೂ ಒಂದು ಬಟ್ಟಲು ತೆಗೆದುಕೊಂಡು ನಿಧಾನವಾಗಿ ಅಗಿದರು.

"ಹಂಗಾದ್ರ ಬರದವರೊಳಗ ನಿಮ್ಮ ಹೆಸರಿಲ್ಲ?"

"ಬರದವರೊಳಗ ಇಲ್ರಿ ಸರ್." ಮಂಜೂರ ಬಟ್ಟಲಿನ ಗುಗ್ಗರಿಯನ್ನು ಬೆರಳಲ್ಲಿ ಆಡಿಸಿದ. "ಹುಳದೊಳಗ ಐತ್ರಿ."

ಪ್ರಿನ್ಸಿಪಾಲರು ಖಾಲಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಕೈ ಝಾಡಿಸಿಕೊಂಡು ಎದ್ದರು.

"ಹಂಗಿದ್ರ ಮುಂದಿನ ವರ್ಷದ ಅರ್ಜಿ ಹುಳದ ಕಡಿಂದನ ಹಾಕಸ್ರಿ."