ಅಕ್ಕನ ಟ್ರಕ್ಕು, ನನ್ನ ರೇಷ್ಮೆ ಸೀರೆ

ನಾನು ಮಾಡದೇ ಬಿಟ್ಟ ಕೆಲಸ ಇಷ್ಟೇ: ಬಗ್ಗಿ, ಚಕ್ರದ ನಡುವಿನ ಒಂದು ಬಿಲ್ಲೆ ತಿರುಗಿಸುವುದು. ಮಾಡಿದ್ದರೆ ನನ್ನಕ್ಕ ಇಂದಿಗೂ ಮೇರಿಲ್ಯಾಂಡಿನ ಕನ್ನಡ ಹೆಂಗಸರ ಪೈಕಿ ಏಕೈಕ ಟ್ರಕ್ ಪಂಡಿತೆಯಾಗಿ ಮೆರೆಯುತ್ತಿದ್ದಳು!

ಬೇರೆಯವರ ಅಕ್ಕಂದಿರು ಸೀರೆಗೆ ಬ್ಲೌಸ್ ಹೊಂದಿಸುತ್ತಾರೆ. ನನ್ನಕ್ಕ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕಿಗೆ ಲಾಕಿಂಗ್ ಹಬ್, ಅಂದರೆ ಮುಂದಿನ ಚಕ್ರಕ್ಕೆ ಎಂಜಿನ್ನಿನ ಎಳೆತ ಕೊಡುವ ಆ ಬಿಲ್ಲೆ, ಹೊಂದಿಸುತ್ತಿದ್ದಳು. ತಾನಾಗಿಯೇ ಲಾಕ್ ಆಗುವ ಮೂಲ ಹಬ್ ಕೆಟ್ಟಿತ್ತು. ಬದಲಿಗೆ ಕೈಯಲ್ಲಿ ತಿರುಗಿಸುವಂಥದ್ದು ಬೇಕಿತ್ತು. ಕೆಸರು ಬಂದರೆ ಇಳಿದು ಮುಂದಿನ ಎರಡೂ ಚಕ್ರದ ಹಬ್ ತಿರುಗಿಸಬೇಕು. ಒಂದನ್ನು ಬಿಟ್ಟರೂ ಮುಂದಿನ ಚಕ್ರಗಳು ಎಳೆಯುವುದಿಲ್ಲ. ಹತ್ತನೇ ತರಗತಿ ದಾಟದ ನನಗೇ ಇದು ಅರ್ಥವಾಗಿದೆ ಎಂದರೆ, ಅವಳು ಎಷ್ಟು ಸಲ ಹೇಳಿರಬೇಡ!

ಪ್ಲಾಸ್ಟಿಕ್ ಬಿಲ್ಲೆಯದು ಬೇಡ, ಲೋಹದ್ದೇ ಆಗಬೇಕು. ಅಂಗಡಿಯಲ್ಲಿ ಒಂದೊಂದನ್ನೂ ತಿರುಗಿಸಿ, ತೆಂಗಿನಕಾಯಿ ಆರಿಸುವವರಂತೆ ಕಿವಿಗೆ ಹಿಡಿದು ಟಕ್ ಸದ್ದು ಕೇಳುವಳು.

"ಅಕ್ಕ, ಗಂಡು ನೋಡೋವಾಗ್ಲೂ ಇಷ್ಟು ನೋಡಿದ್ಯಾ?"

"ನೋಡಿದ್ದಿದ್ರೆ ನಿಮ್ಮ ಭಾವ ಸೆಲೆಕ್ಟ್ ಆಗ್ತಿದ್ರೇನೇ?"

ಅಂತೂ ಹಾಕಿಸಿ, ಟ್ರಕ್ಕನ್ನು ಪೂಜೆಗೆಂದು ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಒಯ್ದಳು. ಅರ್ಚಕರು ಬಾನೆಟ್ಟಿಗೆ ಕುಂಕುಮ ಹಚ್ಚಲು ಹೋದರೆ, "ಮೊದ್ಲು ಹಬ್‌ಗೆ ಇಡಿ ಸ್ವಾಮಿ, ಅದೇ ಹೊಸದು" ಎಂದು ಅವರನ್ನೂ ಬಗ್ಗಿಸಿದಳು!

ಮುಂದಿನ ವಾರ ಅವಳ ಗೆಳತಿಯ ಮಗಳ ಸೀಮಂತ, ಊರಾಚೆಯ ಮನೆಯಲ್ಲಿ. ದಾರಿಯೆಲ್ಲ ಹಿಮ ಕರಗಿದ ಕೆಸರು. "ಇಳಿದು ನಿನ್ನ ಕಡೇದು ಲಾಕ್ ಮಾಡೇ" ಎಂದಳು. ಇಳಿದೆ. ಮೈಮೇಲೆ ರೇಷ್ಮೆ ಸೀರೆ. ಚಕ್ರದ ಪಕ್ಕ ನಿಂತು, ಏನೋ ತಿರುಗಿಸಿದವಳಂತೆ ಮುಕ್ಕಿರಿದು ಬಂದೆ.

"ಆಯ್ತಾ?"

"ಆಯ್ತು ಕಣೇ ಅಕ್ಕ!"

ಸೀಮಂತದ ಮನೆಯ ಮುಂದೆಯೇ ಟ್ರಕ್ಕು ಕೆಸರಿನಲ್ಲಿ ಹೂತುಹೋಯಿತು. ಒಳಗಿದ್ದವರೆಲ್ಲ ಬಾಗಿಲಿಗೆ ಬಂದರು. "ಮಿನಿವ್ಯಾನೇ ಸಾಕಿತ್ತಲ್ವೇನಮ್ಮ?" ಎಂದು ಒಬ್ಬ ಆಂಟಿ ನಕ್ಕರು. ಪಕ್ಕದವರ ಟ್ರ್ಯಾಕ್ಟರ್ ಬಂದು ಎಳೆಯಿತು. ಆಮೇಲೆ ಅಕ್ಕ ಹಬ್ ಲಾಕ್ ಬಿಡಿಸಲು ಹೇಳಿದಾಗ, ಬಿಡಿಸುವ ನಾಟಕವನ್ನೂ ಮಾಡಿದೆನಲ್ಲ, ನನ್ನ ಧೈರ್ಯ ನೋಡಿ!

ಅಕ್ಕ ನನ್ನನ್ನು ಒಂದಿಷ್ಟೂ ಅನುಮಾನಿಸಲಿಲ್ಲ. "ಆರಿಸಿದ್ದೇ ತಪ್ಪು. ನಂಗೆ ಗೊತ್ತಾಗಲ್ಲ ಕಣೇ, ಸುಮ್ನೆ ಜಂಭ ಪಟ್ಟೆ" ಎಂದಳು. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳುವುದಕ್ಕೂ ಭಾವನನ್ನು ಕೇಳತೊಡಗಿದಳು. ಕೊನೆಗೆ ಟ್ರಕ್ಕನ್ನೇ ಮಾರಲು ಹೊರಟಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಕೊಳ್ಳುವವರು ಬರುವ ದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಡ್ರೈವ್‌ವೇಯಲ್ಲಿ ಒಬ್ಬಳೇ ಟ್ರಕ್ಕು ತೊಳೆಯುತ್ತಿದ್ದಳು, ಯಾರನ್ನೋ ಬೀಳ್ಕೊಡುವ ಹಾಗೆ, ನಿಧಾನವಾಗಿ. ಅವಳ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೆ.

"ಮಾರಬೇಡ ಅಕ್ಕ. ಅವತ್ತು ನಾನು ಲಾಕ್ ಮಾಡ್ಲೇ ಇಲ್ಲ. ಸೀರೆ ಹಾಳಾಗತ್ತೆ ಅಂತ ಸುಳ್ಳು ಹೇಳ್ದೆ. ನೀನು ಆರಿಸಿದ್ದು ಸರಿಯಾಗೇ ಇತ್ತು. ತಪ್ಪಾಯ್ತು ಕಣೇ, ನನ್ನ ಕ್ಷಮಿಸು."