ಓದುಮನೆಯ ಕಂಬದ ಕೊಕ್ಕರೆಯವರು ಈ ವರ್ಷ ಅವಸರಪಟ್ಟು ಬಂದ ಕುರಿತು

ಮಾನ್ಯರೇ,

ನಮ್ಮೂರ ಓದುಮನೆಯ ಎದುರಿನ ವಿದ್ಯುತ್ ಕಂಬದ ತುದಿಯಲ್ಲಿ ತಲೆತಲಾಂತರದಿಂದ ಬಾಡಿಗೆ ಕೊಡದೆ ಸಂಸಾರ ಹೂಡಿರುವ, ಕೆಂಪು ಕಾಲುಗಳ, ಬಿಳಿ ಅಂಗಿಯ, ಕರಿ ಅಂಚಿನ ರೆಕ್ಕೆಗಳ ಶ್ರೀಮಾನ್ ಕೊಕ್ಕರೆಯವರ ಸನ್ನಿಧಾನಕ್ಕೆ, ತಾವು ಸದ್ಯ ಊರಿ ನಿಂತಿರುವ ಒಂದು ಪಾದಕ್ಕೂ, ಹೊಟ್ಟೆಯಡಿ ಮಡಚಿಟ್ಟುಕೊಂಡಿರುವ ಇನ್ನೊಂದು ಪಾದಕ್ಕೂ, ಗೋರ್ನೊ ಬ್ಲಾತೊ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿದು ನಿವೃತ್ತಳಾದ ದಾಫಿಂಕಾ ಮಾಡುವ ಅನಂತ ನಮಸ್ಕಾರಗಳು.

ಪ್ರಯಾಣ ಸುಖವಾಯಿತೆಂದು ನಂಬಿದ್ದೇನೆ. ಆಫ್ರಿಕಾದಲ್ಲಿ ಎಲ್ಲರೂ ಕ್ಷೇಮವೇ? ನಮ್ಮ ಭತ್ತದ ಗದ್ದೆಗಳ ಕಪ್ಪೆಗಳು ತಮ್ಮ ಗೈರುಹಾಜರಿಯಲ್ಲಿ ಚೆನ್ನಾಗಿ ಕೊಬ್ಬಿರುವುದನ್ನು ತಾವು ಈಗಾಗಲೇ ಪರಿಶೀಲಿಸಿರಬಹುದು. ಊಟ ಮುಗಿದಿದ್ದರೆ ದಯವಿಟ್ಟು ಕೊಕ್ಕನ್ನು ಒರೆಸಿಕೊಂಡು ಈ ಬಡವಳ ದೂರನ್ನು ಕೊನೆಯವರೆಗೆ ಆಲಿಸಬೇಕು.

ತಮ್ಮ ಆಗಮನಕ್ಕೂ ಈ ಊರಿನ ಹೆಂಗಸರ ಮುಂಗೈಗೂ ಇರುವ ಸಂಬಂಧ ತಮಗೆ ತಿಳಿಯದ್ದೇನಲ್ಲ. ಮಾರ್ಚ್ ಒಂದರಂದು ನಾವೆಲ್ಲ ಕೆಂಪು ಬಿಳಿ ದಾರ ಹೊಸೆದು ಕೈಗೆ ಕಟ್ಟಿಕೊಳ್ಳುತ್ತೇವೆ, ತಮ್ಮ ವಂಶದವರೊಬ್ಬರು ಕಣ್ಣಿಗೆ ಬಿದ್ದ ದಿನ ಅದನ್ನು ಬಿಚ್ಚಿ ಹೂ ಬಿಟ್ಟ ಕೊಂಬೆಗೆ ಕಟ್ಟುತ್ತೇವೆ. ತಾವು ದಯಮಾಡಿಸುವುದು ಮಾರ್ಚ್ ಇಪ್ಪತ್ತೈದರ ಶುಭವಾರ್ತೆಯ ಹಬ್ಬದ ಹೊತ್ತಿಗೆ ಎಂಬುದು ನಮ್ಮಜ್ಜಿಯ ಅಜ್ಜಿಗೂ ಗೊತ್ತಿದ್ದ ವಿಷಯ. ನಾನು ನಂಬಿ ಕೆಟ್ಟದ್ದು ಆ ಮಾತನ್ನೇ.

ಜನವರಿಯಲ್ಲಿ ಸೂಲಗಿತ್ತಿಯರ ಹಬ್ಬ ಬರುತ್ತದೆ. ಆ ದಿನ ಗಂಡಸರನ್ನು ಹೊರಗಟ್ಟಿ ಓದುಮನೆಯ ಸಭಾಂಗಣದಲ್ಲಿ ನಾವು ಹೆಂಗಸರಷ್ಟೇ ತಿಂದು ಕುಡಿದು ಕುಣಿಯುತ್ತೇವೆ. ತಾವಾಗ ಊರಲ್ಲಿರುವುದಿಲ್ಲ, ಅದು ತಮ್ಮ ಪುಣ್ಯ. ಹಣ್ಣಿನ ರಾಕಿಯಾ ಎರಡು ಪುಟ್ಟ ಲೋಟ ಒಳಗೆ ಹೋದ ಮೇಲೆ ನನಗೆ ವಯಸ್ಸು ಮರೆತು, ಕುಣಿತದ ನಡುವೆ ಕಾಲನ್ನು ಎದೆಯೆತ್ತರಕ್ಕೆ ಚಿಮ್ಮಿಸಹೋದೆ. ಕಾಲು ಮೊಣಕಾಲಿನ ಎತ್ತರಕ್ಕೇ ನಿಂತು, ಸೊಂಟದಿಂದ ಹಳೇ ಕದದ ಸದ್ದು ಬಂತು. ಆಗ ನನ್ನ ನಾದಿನಿ ಗಿನ್ಕಾ, ಬ್ಯಾಂಡಿನವರು ಹಾಡು ಬದಲಿಸಲು ನಿಂತ ಹೊತ್ತನ್ನೇ ನೋಡಿಕೊಂಡು, ಇಡೀ ಸಭೆಗೆ ಕೇಳುವಂತೆ ಅಂದಳು: "ಅತ್ತಿಗೆ, ಸುಮ್ನೆ ಬಂದು ಕೂತ್ಕೊಳಿ. ಈಸ್ಟರಿಗೆ ಹೊರೊ ಕುಣಿತದ ಮುಂದೆ ನಿಲ್ಲೋದನ್ನ ಇನ್ಮೇಲೆ ಸೊಂಟ ಇರೋರಿಗೆ ಬಿಡಿ."

ನನ್ನ ಮೈಯೆಲ್ಲ ಉರಿದುಹೋಯಿತು. ಈ ವರ್ಷದ ದಾರ ಕೈಯಿಂದ ಬಿಚ್ಚುವುದರೊಳಗೆ ಇದೇ ನೆಲದ ಮೇಲೆ ಸ್ಪ್ಲಿಟ್ ಹಾಕಿ ತೋರಿಸುತ್ತೇನೆ, ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ನೆಟ್ಟಗೆ ಚಾಚಿ ನಡುವೆ ಗಾಳಿಯೂ ಆಡದಂತೆ ಕೂರುತ್ತೇನೆ, ಆಗದಿದ್ದರೆ ಕರವಸ್ತ್ರ ನಿನ್ನದು ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು. ಲೋಟಗಳು ಮೇಲೆದ್ದವು, ಊರಿನ ಅಷ್ಟೂ ಹೆಂಗಸರು ಸಾಕ್ಷಿಯಾದರು.

ಆ ಕರವಸ್ತ್ರದ ವಿಷಯವನ್ನು ತಾವು ಕಂಬದ ಮೇಲಿಂದಲೇ ಬಲ್ಲಿರಿ. ಈಸ್ಟರ್ ದಿನ ಚೌಕದಲ್ಲಿ ಕೈಕೈ ಹಿಡಿದ ಹೊರೊ ಸಾಲು ಸುತ್ತುವಾಗ ಮುಂಚೂಣಿಯವಳ ಕೈಯಲ್ಲಿ ಬೀಸುವ ಕಸೂತಿ ಬಟ್ಟೆ ಅದು. ನನ್ನ ಅತ್ತೆ ತ್ಸೋನಾ ಜೀವಮಾನವಿಡೀ ಅದನ್ನು ಬೀಸಿದರು. ಅವರು ಹಾಸಿಗೆ ಹಿಡಿದಾಗ ಬಾಯಿಗೆ ನೀರು ಬಿಡುತ್ತಿದ್ದವಳು ಸ್ವಂತ ಮಗಳು ಗಿನ್ಕಾ. ಆದರೆ ದಿಂಬಿನ ಕೆಳಗಿಂದ ಕರವಸ್ತ್ರ ತೆಗೆದ ಆ ಕೈ ಮಗಳನ್ನು ದಾಟಿ, ಬಾಗಿಲ ಬಳಿ ನಿಂತಿದ್ದ ಸೊಸೆಯಾದ ನನ್ನ ಕಡೆ ಚಾಚಿತು. ಏಕೆಂದು ಅವರೂ ಹೇಳಲಿಲ್ಲ, ಗಿನ್ಕಾಳೂ ಕೇಳಲಿಲ್ಲ. ಅಂದಿನಿಂದ ಅವಳು ನನ್ನ ಮನೆಗೆ ಬಂದಾಗಲೆಲ್ಲ ಉಪ್ಪು ಹೆಚ್ಚಾಯಿತು, ಪರದೆ ಕೊಳೆಯಾಯಿತು ಎನ್ನುವುದರ ಮೂಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕರವಸ್ತ್ರ ನನಗೆ ಪ್ರಾಣವಾಗಿತ್ತು. ಹೊರಗಿನಿಂದ ಬಂದವಳನ್ನು ಈ ಊರು ತನ್ನವಳೆಂದು ಒಪ್ಪಿದ್ದಕ್ಕೆ ನನ್ನ ಬಳಿ ಇದ್ದ ಗುರುತು ಅದೊಂದೇ.

ಹೀಗಾಗಿ ನಾನು ವಿದ್ಯಾರ್ಥಿನಿಯಾದೆ. ಪಟ್ಟಣದಿಂದ ವಾರಕ್ಕೊಮ್ಮೆ ಬಂದು ನಮ್ಮೂರ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ರಾಲಿತ್ಸಾ ಎಂಬ ಹೆಣ್ಣುಮಗಳು ನನ್ನನ್ನು ನಗದೆ ಸೇರಿಸಿಕೊಂಡಳು. ಅಲ್ಲಿನ ಪುಟಾಣಿಗಳು ಪಾದವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸೂರ್ಯಕಾಂತಿ ಬೀಜ ಒಡೆಯುತ್ತಾ ನನ್ನನ್ನು ಕರುಣೆಯಿಂದ ನೋಡುತ್ತಿದ್ದರು. ಮೊದಲು ಮೈ ಬಿಸಿ ಮಾಡಿಕೊಳ್ಳಬೇಕು, ಕುಲುಕಬಾರದು, ಸೊಂಟದ ಎರಡೂ ಮೂಳೆ ಕಾರಿನ ದೀಪಗಳಂತೆ ಮುಂದಕ್ಕೇ ನೋಡುತ್ತಿರಬೇಕು, ಕೆಳಗೆ ಕಂಬಳಿಗಳನ್ನು ಒಟ್ಟಿಕೊಂಡು ಮೈ ಬಗ್ಗಿದ ಹಾಗೆ ಒಂದೊಂದನ್ನೇ ತೆಗೆಯಬೇಕು. ನಾನು ಹಲ್ಲು ಕಚ್ಚಿ ಒತ್ತಿದಾಗ ಅವಳು ಬೆನ್ನ ಮೇಲೆ ಕೈಯಿಟ್ಟು ಹೇಳಿದಳು: "ದೊಡ್ಡಮ್ಮ, ಸ್ನಾಯುವಿನ ಹತ್ರ ಜಗಳ ಆಡಬೇಡಿ. ಹೆದರಿಕೊಂಡು ಬಿಗಿ ಹಿಡಿದಿರುತ್ತೆ ಅಷ್ಟೆ. ಉಸಿರು ಬಿಟ್ಟು ಕಾಯಿರಿ, ತಾನಾಗೇ ಬಿಟ್ಟುಕೊಡುತ್ತೆ."

ಅಂದಿನಿಂದ ಹುರುಳಿಕಾಯಿ ಬೇಯುವ ಹೊತ್ತೆಲ್ಲ ನಾನು ಅಡುಗೆಮನೆಯ ನೆಲದ ಮೇಲಿದ್ದೆ. ಮುಂದಿನ ಹಿಮ್ಮಡಿ ಒಲೆಗೆ, ಹಿಂದಿನ ಹೆಬ್ಬೆರಳು ಹಿಟ್ಟಿನ ಡಬ್ಬಕ್ಕೆ. ನನ್ನ ಗಂಡ ಝೆಲ್ಯಾಜ್ಕೊ ಮೊದಲ ದಿನ ಬಿದ್ದಿದ್ದೇನೆಂದು ಎತ್ತಲು ಬಂದರು, ಎರಡನೇ ದಿನ ದಾಟಿಕೊಂಡು ಹೋದರು, ಆಮೇಲೆ ಸಾರಿನ ಬಟ್ಟಲನ್ನು ನೆಲಕ್ಕೇ ತಂದಿಡಲೇ ಎಂದು ವಿನಯದಿಂದ ಕೇಳತೊಡಗಿದರು. ಕಂಬಳಿಗಳು ಒಂದೊಂದಾಗಿ ಕಡಿಮೆಯಾದವು. ಕೊನೆಗೆ ನೆಲಕ್ಕೂ ನನಗೂ ನಡುವೆ ಉಳಿದದ್ದು ಅತ್ತೆಯ ಕಾಲದ ತೆಳು ಕಂಬಳಿ ಒಂದೇ.

ಅಂಥ ಹೊತ್ತಿನಲ್ಲಿ, ಮಾನ್ಯರೇ, ಹಬ್ಬ ಇನ್ನೂ ವಾರಕ್ಕಿಂತ ಹೆಚ್ಚು ದೂರವಿರುವಾಗಲೇ, ತಾವು ಬಂದಿರಿ. ಕರೆದವರು ಯಾರು? ಯಾವ ತುರ್ತು ಕೆಲಸ ಕಾದಿತ್ತು? ಬೆಳಿಗ್ಗೆ ಕಂಬದ ಮೇಲೆ ಕಟಕಟ ಸದ್ದು ಕೇಳಿದ್ದೇ, ತಮ್ಮನ್ನು ಕಂಡರೆ ದಾರ ಬಿಚ್ಚಬೇಕಾದೀತೆಂದು, ನಾನು ಕಣ್ಣು ಮುಚ್ಚಿಕೊಂಡು ಅಂಗಳದಿಂದ ಒಳಗೋಡಿದೆ. ಕೇಳಿದ್ದು ನೋಡಿದಂತಾಗುವುದಿಲ್ಲವೆಂದು ಬೇಕರಿಯ ಮುಂದೆ ನಡೆದ ಹೆಂಗಸರ ಪಂಚಾಯಿತಿ ತೀರ್ಪು ಕೊಟ್ಟಿತು. ಅಂದಿನಿಂದ ಗಂಡನ ಜೇನು ಬಿಡಿಸುವ ಅಗಲ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ನೆಲ ನೋಡುತ್ತಲೇ ಊರೆಲ್ಲ ಓಡಾಡಿದೆ. ಪಾದ್ರಿಗಳ ಬೂಟನ್ನು ಹಾಲಿನವನ ಬೂಟೆಂದು ತಿಳಿದು ಮೊಸರು ಹುಳಿಯಾಗಿತ್ತೆಂದು ಗದರಿಸಿದೆ. ಉಪವಾಸದ ಕಾಲದಲ್ಲಿ ತಲೆ ತಗ್ಗಿಸಿ ನಡೆಯುವುದು ಒಳ್ಳೆಯದೇ ಎಂದು ಅವರು ಹರಸಿ ಕಳಿಸಿದರು.

ಗಿನ್ಕಾ ಮಾತ್ರ ಸುಮ್ಮನಿರಲಿಲ್ಲ. ಅತ್ತಿಗೆ, ಅಣ್ಣ ಏಣಿ ಮೇಲಿಂದ ಜಾರ್ತಿದ್ದಾನೆ ನೋಡಿ ಎನ್ನುವಳು. ಮೋಡ ಕಟ್ಟಿದೆ, ಬಟ್ಟೆ ಒಣಹಾಕಿದ್ದೀರಾ ಎನ್ನುವಳು. ನಾನು ಗಂಡನನ್ನು ಜಾರಲು ಬಿಟ್ಟೆ, ಬಟ್ಟೆಯನ್ನು ನೆನೆಯಲು ಬಿಟ್ಟೆ, ತಲೆ ಎತ್ತಲಿಲ್ಲ. ಊರು ಎರಡು ಪಕ್ಷವಾಯಿತು. ಚುನಾವಣೆಗೂ ಇಷ್ಟು ಕಾವು ಏರಿರಲಿಲ್ಲ.

ಪಂಥಕ್ಕೆ ಗೊತ್ತುಮಾಡಿದ್ದ ಶುಭವಾರ್ತೆಯ ಹಬ್ಬದ ಮಧ್ಯಾಹ್ನ ಎಲ್ಲರೂ ಮೀನು ಉಂಡು ಓದುಮನೆಯಲ್ಲಿ ಸೇರಿದರು. ನಾನು ಟೋಪಿ ತೆಗೆದು, ಉಣ್ಣೆಯ ಕಾಲುಚೀಲದಲ್ಲಿ, ಮೇಣ ತಿಕ್ಕಿದ ಮರದ ನೆಲದ ಮೇಲೆ ನಿಂತೆ. ತೀರ್ಪುಗಾರ್ತಿಯಾಗಿ ಗಿನ್ಕಾ ಎದುರಿಗೆ ಕುರ್ಚಿ ಹಾಕಿ ಕುಳಿತಳು. ಕೂರುವ ಮೊದಲು, ಸೆಕೆಯೆಂಬ ನೆಪದಲ್ಲಿ, ತಮ್ಮ ಕಂಬದ ಕಡೆಯ ಕಿಟಕಿಯ ಪರದೆಯನ್ನು ಪೂರಾ ಸರಿಸಿಯೇ ಬಂದಿದ್ದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿ ಕಾಲು ಚಾಚಿದೆ. ಉಸಿರು ಬಿಟ್ಟೆ, ಕಾದೆ, ಇನ್ನಷ್ಟು ಇಳಿದೆ. ಅಂಗೈಯಗಲ ಉಳಿದಿದೆ ಎಂದು ಯಾರೋ ಪಿಸುಗುಟ್ಟಿದರು. ಆ ಅಂಗೈಯಗಲದ ಮೇಲೆ ನನ್ನ ಮಾನವೆಲ್ಲ ನಿಂತಿತ್ತು.

ಮಾನ್ಯರೇ, ತಾವು ಕೊಕ್ಕು ಕುಟ್ಟಲು ಆರಿಸಿಕೊಂಡ ಗಳಿಗೆ ಅದೇ. ತಲೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಗ್ಗಿಸಿ, ಯಾವ ಜಿಮ್ನಾಸ್ಟಿಕ್ಸ್ ಗುರುವಿಗೂ ಶುಲ್ಕ ಕೊಡದೆ ಕಲಿತ ಆ ವಿದ್ಯೆಯನ್ನು ಪ್ರದರ್ಶಿಸುತ್ತಾ, ತಾವು ಮದುವೆ ಮನೆಯ ನಗಾರಿಯಂತೆ ಬಾರಿಸಿದಿರಿ. ಇಡೀ ಸಭೆ ಕಿಟಕಿಯ ಕಡೆ ತಿರುಗಿತು. ಬೆಚ್ಚಿಬಿದ್ದ ನನ್ನ ಮುಂದಿನ ಹಿಮ್ಮಡಿ ಮೇಣದ ಮೇಲೆ ಜಾರಿತು, ತೊಡೆಯ ಹಿಂದೆ ಏನೋ ಚಟ್ಟೆಂದಿತು, ನಾನು ಕೆಳಗೆ ಹೋದೆ. ನೋವಿಗೆ ಕಣ್ಣು ತಾನಾಗಿ ತೆರೆದುಕೊಂಡಿತು. ತೆರೆದ ಕಣ್ಣಿಗೆ ಮೊದಲು ಬಿದ್ದವರು ತಾವು, ಒಂದೇ ಕಾಲ ಮೇಲೆ, ಏನೂ ಆಗದವರಂತೆ.

ಸಭೆ ಇತ್ತ ತಿರುಗುವಷ್ಟರಲ್ಲಿ ನಾನು ಪಕ್ಕಕ್ಕೆ ಉರುಳಿ ತೊಡೆ ಹಿಡಿದುಕೊಂಡಿದ್ದೆ. ನೆಲ ತಾಗಿತೇ ಎಂದು ಕೇಳಿದರೆ ಹೇಳಲು ನನಗೇ ತಿಳಿಯಲಿಲ್ಲ, ಆ ಭಾಗದಿಂದ ನೋವಿನ ಹೊರತು ಬೇರೆ ಸುದ್ದಿ ಬರುತ್ತಿರಲಿಲ್ಲ. ತಮ್ಮ ಸೊಬಗಿಗೆ ಮರುಳಾಗಿ ಒಬ್ಬರೂ ನನ್ನನ್ನು ನೋಡಿರಲಿಲ್ಲ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದವಳು ಗಿನ್ಕಾ ಒಬ್ಬಳೇ. ಎಲ್ಲರೂ ಅವಳ ಮುಖ ನೋಡಿದರು. ಇಲ್ಲ ಎಂಬ ಒಂದು ಮಾತಿಗೆ ಅವಳ ತಾಯಿಯ ಕರವಸ್ತ್ರ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು.

"ತಾಗಿತು," ಅಂದಳು. "ನಾನು ನೋಡಿದೆ. ಇನ್ನು ಅತ್ತಿಗೇನ ಎತ್ತಿ, ಹಾಗೇ ನೋಡ್ತಾ ನಿಂತಿದೀರಲ್ಲ."

ಅಲ್ಲಿಗೆ ಗೆದ್ದವಳು ನಾನೇ. ಆದರೆ ವರ್ಷದ ಮೊದಲ ಕೊಕ್ಕರೆ ಹಾರುವುದನ್ನು ಕಂಡವರ ಕಾಲು ವರ್ಷವಿಡೀ ಹಗುರ, ನಿಂತದ್ದನ್ನು ಕಂಡವರು ಕೂತಲ್ಲೇ ಕೂರುತ್ತಾರೆ ಎಂಬುದು ನಮ್ಮಲ್ಲಿನ ನಂಬಿಕೆ. ತಾವು ಆ ಕ್ಷಣ ಸುಮ್ಮನೆ ಒಮ್ಮೆ ರೆಕ್ಕೆ ಬಿಚ್ಚಿದ್ದರೆ ಗಂಟೇನು ಹೋಗುತ್ತಿತ್ತು? ಒಂಟಿಗಾಲಲ್ಲಿ ನಿಂತದ್ದನ್ನು ಕಂಡ ತಪ್ಪಿಗೆ ನಾನೂ ಒಂಟಿಗಾಲಿನವಳಾದೆ. ಈಸ್ಟರ್ ದಿನ ನನ್ನನ್ನು ಕುರ್ಚಿಸಮೇತ ಚೌಕಕ್ಕೆ ಹೊತ್ತು ತಂದು ಕೂರಿಸಿದರು. ಗೆದ್ದ ಕರವಸ್ತ್ರ ತೊಡೆಯ ಮೇಲಿತ್ತು, ಏಳಲು ಕಾಲಿರಲಿಲ್ಲ. ಬ್ಯಾಂಡು ಶುರುವಾಯಿತು, ಮುಂದೆ ನಿಲ್ಲುವವರಿಲ್ಲದೆ ಸಾಲು ಕಾಯುತ್ತಿತ್ತು. ಗಿನ್ಕಾಳನ್ನು ಕರೆದು ಕೊಟ್ಟೆ. ಬೇಡವೆಂದು ಎರಡು ಸಲ ಅಂದಳು, ಮೂರನೇ ಸಲ ಅನ್ನಲಿಲ್ಲ.

ಅವಳು ಸಾಲು ಎಳೆದುಕೊಂಡು ನನ್ನ ಮುಂದೆ ಹಾದಾಗ ಮುಂಗೈಯನ್ನು ಒಮ್ಮೆ ಒಳಕ್ಕೆ ತಿರುಗಿಸಿ, ತಡೆದು, ಆಮೇಲೆ ಬಟ್ಟೆಯನ್ನು ಬಿಟ್ಟಳು. ಥೇಟ್ ಅತ್ತೆಯೇ. ಇಷ್ಟು ವರ್ಷ ನಾನು ಆ ಬಟ್ಟೆಯನ್ನು ಅಲ್ಲಾಡಿಸಿದ್ದೆ, ಅಷ್ಟೇ. ಸಾಲಿನ ಮುಂದಿದ್ದವಳಿಗೆ ಹಿಂದೆ ಇದ್ದವಳ ಕೈ ಹೇಗೆ ಕಾಣಬೇಕು? ನನಗೆ ಅಳು ಬಂತು. ತೊಡೆ ನೋಯುತ್ತಿದೆ ಎಂದು ಝೆಲ್ಯಾಜ್ಕೊಗೆ ಸುಳ್ಳು ಹೇಳಿದೆ. ಕರವಸ್ತ್ರವನ್ನು ನಾನು ವಾಪಸು ಕೇಳಿಲ್ಲ, ಕೇಳುವುದೂ ಇಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ಮುಂದಿನ ವರ್ಷ ಹೊರಡುವ ಮೊದಲು ಬರುವ ದಿನವನ್ನು ಗ್ರಾಮ ಕಚೇರಿಗೆ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಸಾರ್ವಜನಿಕರ ಕಣ್ಣಿಗೆ ಬೀಳುವಾಗ ಎರಡೂ ಕಾಲುಗಳನ್ನು ಬಳಸತಕ್ಕದ್ದು, ಸಾಧ್ಯವಾದರೆ ಹಾರುತ್ತಲೇ ನಿಲ್ಲತಕ್ಕದ್ದು. ಹಿಂದಕ್ಕೆ ಮಡಚುವ ತಮ್ಮ ಆ ಕಾಲುಗಳಲ್ಲಿ ಉಪಯೋಗಕ್ಕಿಲ್ಲದೆ ಮಡಚಿಟ್ಟಿರುವ ಒಂದನ್ನು ನನ್ನ ತೊಡೆ ವಾಸಿಯಾಗುವವರೆಗೆ ಎರವಲು ಕೊಡುವುದಾದರೆ, ಪ್ರತಿಯಾಗಿ ನಮ್ಮ ಗದ್ದೆಯ ಕಪ್ಪೆಗಳನ್ನೆಲ್ಲ ತಮ್ಮ ಹೆಸರಿಗೆ ಬರೆದುಕೊಡಲು ಸಿದ್ಧಳಿದ್ದೇನೆ.

ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ,
ತಮ್ಮ ವಿಶ್ವಾಸಿ,
ದಾಫಿಂಕಾ

ತಾ.ಕ.: ನಿನ್ನೆ ಕಂಬಳಿಗಳನ್ನು ಕೊಡವಲು ಎತ್ತಿದಾಗ, ತೀರಾ ಅಡಿಯಲ್ಲಿದ್ದ ಅತ್ತೆಯ ಕಂಬಳಿಯ ಮಡಿಕೆಯಲ್ಲಿ ಗಿನ್ಕಾಳ ಕನ್ನಡಕ ಸಿಕ್ಕಿತು. ಅದಿಲ್ಲದೆ ಅವಳಿಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದು. ಕರೆಸಿ ಕೇಳಿದೆ. ಹಬ್ಬದ ಹಿಂದಿನ ದಿನ ನಾನು ಬೇಕರಿಗೆ ಹೋಗಿದ್ದಾಗ ಒಳಗೆ ಬಂದು, ಈ ಸ್ಪ್ಲಿಟ್ ಅನ್ನುವುದು ಅದೆಷ್ಟು ಕಷ್ಟವೋ ನೋಡೋಣವೆಂದು ತಾನೂ ಕಾಲು ಚಾಚಿ ಬಿದ್ದೆನೆಂದೂ, ಕನ್ನಡಕ ಅಲ್ಲೇ ಕಳೆಯಿತೆಂದೂ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲವೆಂದೂ ಒಪ್ಪಿಕೊಂಡಳು. ಹಾಗಾದರೆ ಓದುಮನೆಯಲ್ಲಿ ಏನು ನೋಡಿದೆ ಎಂದರೆ, ಅತ್ತಿಗೆ ಕಂಡರು, ಅಷ್ಟು ಸಾಕಾಯಿತು ಎನ್ನುತ್ತಾಳೆ. ಅಲ್ಲಿಗೆ ನೆಲ ತಾಗಿತೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡವರು, ಕಿಟಕಿಯಾಚೆ ಕಂಬದ ಮೇಲಿದ್ದ ತಾವೊಬ್ಬರೇ. ದಯವಿಟ್ಟು ಈ ಒಂದು ವಿಷಯದಲ್ಲಾದರೂ ಕೊಕ್ಕು ಮುಚ್ಚಿಕೊಂಡಿರಬೇಕು.