ಟವೆಲ್ಲಿನ ಕೆಳಗೊಂದು ರೋಡ್‌ಸ್ಟರ್

ಎಲ್ಲಕ್ಕೂ ಮೂಲ ಪೇಪರಿನ ಮೂಲೆಯಲ್ಲಿ ಬಂದ ಎರಡು ಸಾಲು. ‘ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್ ಕಾರು ಮಾರಾಟಕ್ಕಿದೆ. ಸಂಗ್ರಾಹಕರು ಮಾತ್ರ ಬರತಕ್ಕದ್ದು’ ಎಂದು ಹಿಟ್ಟಿನ ಗಿರಣಿ ರೇವಣಸಿದ್ದಯ್ಯ ಹಾಕಿಸಿದ್ದ. ಬೆಳಗ್ಗೆ ಏಳಕ್ಕೆಲ್ಲ ಚನ್ನಪಟ್ಟಣದ ಅವನ ಹಿತ್ತಲಿಗೆ ಸಂಗ್ರಾಹಕರನ್ನು ಬಿಟ್ಟು ಬೀದಿಯವರೆಲ್ಲ ಬಂದಿದ್ದರು.

ಸ್ವಾತಂತ್ರ್ಯ ಬಂದ ವರ್ಷ ಗಂಟುಮೂಟೆ ಕಟ್ಟಿದ ದೊರೆಯೊಬ್ಬ ರೇವಣಸಿದ್ದಯ್ಯನ ಅಪ್ಪನ ತಲೆಗೆ ಕಟ್ಟಿಹೋದ ಕಾರು ಅದು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಸೂರಿಲ್ಲ. ಇಪ್ಪತ್ತು ವರ್ಷದಿಂದ ರೋಡಿನ ಮುಖ ನೋಡದೆ ಶೆಡ್ಡಿನಲ್ಲೇ ಕೂತು ಶೆಡ್‌ಸ್ಟರ್ ಆಗಿತ್ತು. ಈಗ ಹೆಂಡತಿ ಸರ್ವಮಂಗಳ ಆ ಶೆಡ್ಡಿನಲ್ಲಿ ರೇಷ್ಮೆಹುಳ ಸಾಕಲು ಹೊರಟಿದ್ದಳು. ಮರಿಹುಳ ತರಲು ವಿರೂಪಾಕ್ಷಿಪುರಕ್ಕೆ ಹೋಗುವಾಗ ಹೊಸಿಲ ಮೇಲೆ ನಿಂತು ತೀರ್ಪು ಕೊಟ್ಟಿದ್ದಳು.

“ಸಂಜೆ ನಾನ್ ಬರೋ ಹೊತ್ಗೆ ಶೆಡ್ಡು ಖಾಲಿ ಇರ್ಬೇಕು. ಇಲ್ದಿದ್ರೆ ಹುಳ ನಿಮ್ಮ ಮಂಚದ ಮ್ಯಾಲೆ, ನೀವು ಕಾರಿನ ಒಳಗೆ. ಅವು ಗೂಡು ಕಟ್ಟೋಗಂಟ ಅಲ್ಲೇ ಬಿದ್ದಿರಿ!”

“ಈ ತುಕ್ಕಿಗೆ ದುಡ್ಡು ಕೊಡೋರು ಇಬ್ರೇ ಅಣ್ಣಾ,” ಎಂದ ಪಕ್ಕದ ಮನೆಯ ಬೊಂಬೆ ಕರೀಂ. “ಒಬ್ಬ ಹುಚ್ಚ, ಇನ್ನೊಬ್ಬ ಕಳ್ಳ. ಹುಚ್ಚರು ಪೇಪರ್ ಓದಲ್ಲ.”

“ದೊರೆ ಒಳಗೆ ಚಿನ್ನ ಬಚ್ಚಿಟ್ಟಿರ್ಬೇಕು ಕಣಪ್ಪ,” ಎಂದಳು ಎದುರು ಮನೆಯ ಮುನಿಯಮ್ಮ. “ಇಲ್ದಿದ್ರೆ ಸೂರಿಲ್ಲದ ಕಾರ್ನ ಯಾರ್ ಕೊಂಡಾರು?”

“ಚಿನ್ನ ಇದ್ದಿದ್ರೆ ನಮ್ಮಪ್ಪ ಬುಡ್ತಿದ್ರಾ?” ಎಂದು ರೇವಣಸಿದ್ದಯ್ಯ ನಕ್ಕ. ಆದರೆ ಅನುಮಾನ ಹಲ್ಲುಸಂದಿಯ ಅಡಿಕೆಚೂರಿನ ಹಾಗೆ ಸಿಕ್ಕಿಕೊಂಡಿತು. ಎಲ್ಲರನ್ನೂ ಸಾಗಹಾಕಿ, ಅಗುಳಿ ಹಾಕಿ, ಸೀಟಿನ ಕೆಳಗೆ ಕೈ ತೂರಿಸಿದ. ಬೆಚ್ಚಗೆ, ನುಣ್ಣಗೆ, ಗುಂಡಗೆ ಏನೋ ಸಿಕ್ಕಿತು. ‘ಸಿಕ್ತು!’ ಎನ್ನುವಷ್ಟರಲ್ಲಿ ಚಿನ್ನ ಕುಟುಕಿತು. ಮೂರು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆತನದ ಕೈಯಲ್ಲಿ ಮುನಿಯಮ್ಮನ ಕೋಳಿಯ ಮೊಟ್ಟೆ!

“ಕಾವಿಗೆ ಕೂತೈತೆ ಕಣಯ್ಯಾ!” ಎಂದು ಮುನಿಯಮ್ಮ ಶೆಡ್ಡಿನ ಕಿಟಕಿಯಿಂದಲೇ ಕೂಗಿದಳು. “ಇಪ್ಪತ್ತೊಂದು ದಿನ ಕಾರು ಅಲುಗಾಡ್ಸಂಗಿಲ್ಲ!”

ಅವಳನ್ನು ಸಮಾಧಾನಪಡಿಸಿ, ಕೋಳಿಗೆ ಗಿರಣಿಯ ಕುಕ್ಕೆಯಲ್ಲಿ ಬೇರೆ ಸಂಸಾರ ಹೂಡಿಕೊಡುವಷ್ಟರಲ್ಲಿ ಹನ್ನೊಂದಾಯಿತು. ಆಗ ಬಂದವನು ಎತ್ತಿನ ದಲ್ಲಾಳಿ ಹುಚ್ಚಯ್ಯ. ಹುಚ್ಚು ಹೆಸರಿನಲ್ಲಿ ಮಾತ್ರ. ಕಾರನ್ನು ಮೂರು ಸುತ್ತು ಬಂದು, ತುಟಿ ಎತ್ತಿ ಹಲ್ಲು ನೋಡುವವನ ಹಾಗೆ ಬಾನೆಟ್ಟು ಎತ್ತಿ ನೋಡಿ ತಲೆಯಾಡಿಸಿದ.

“ಸುಳಿ ಸುದ್ದವಾಗೈತೆ ಅಯ್ನೋರೆ. ರಾಮನಗರದಾಗೆ ಮುನಾವರ್ ಸಾಬ್ರು ಅಂತವ್ರೆ, ರೇಷ್ಮೆ ನೂಲಿನ ಯಾಪಾರ. ಇಂಥ ಕಾರು ಇಟ್ಕಂಡೋರು ಎಲ್ಲಿದ್ರೂ ಹೇಳು ಅಂತ ಬೆನ್ನು ಬಿದ್ದವ್ರೆ.”

“ಕರ್ಕಂಡ್ ಬಾ. ಆದ್ರೆ ಅವ್ರು ಪೇಪರ್ ನೋಡ್ದಂಗಿಲ್ಲ, ನಾನು ಮಾರ್ತೀನಿ ಅಂತ ಬಾಯ್ಬುಡ್ಬ್ಯಾಡ. ಆತುರ ಗೊತ್ತಾದ್ರೆ ಬೆಲೆ ಬಿದ್ದೋಯ್ತದೆ. ‘ಅಯ್ನೋರ್ಗೆ ಹಳೆ ಕಾರು ಅಂದ್ರೆ ಆಸೆ, ಒಸಿ ಬಂದ್ಹೋಗಿ’ ಅನ್ನು ಸಾಕು.”

“ನಂಗೇ ಹೇಳ್ಕೊಡ್ತೀರಾ? ಕುಂಟೆತ್ತನ್ನೂ ನಾನು ಹಂಗೇ ಮಾರಿರೋದು!”

ಎರಡು ಗಂಟೆಗೆ ಮುನಾವರ್ ಸಾಹೇಬರು ಬಂದರು. ಬಿಳಿ ಗಡ್ಡ, ಗಂಭೀರ ಮುಖ. ಹಿತ್ತಲಿಗೆ ತಳ್ಳಿ ನಿಲ್ಲಿಸಿದ್ದ ಕಾರಿನ ಸುತ್ತ ಅಡ್ಡಾಡಿದರು. ಈಗ ತುಕ್ಕಿನ ಮಾತು ತೆಗೆಯುತ್ತಾರೆ, ಈಗ ಟೈರಿನ ಮಾತು ತೆಗೆಯುತ್ತಾರೆ ಎಂದು ರೇವಣಸಿದ್ದಯ್ಯ ಕಾಯುತ್ತಿದ್ದ.

“ವಾಹ್!” ಎಂದರು ಸಾಹೇಬರು. “ಇಂಥ ಗಾಡಿ ಮನೇಲಿದ್ರೆ ಮನೆಗೇ ಇಜ್ಜತ್ತು ಸ್ವಾಮಿ! ತುಕ್ಕಾ? ತುಕ್ಕಿದ್ರೇನೇ ಅಸಲಿ! ಎಷ್ಟು ಕೊಟ್ರೂ ಕಮ್ಮೀನೇ!”

ರೇವಣಸಿದ್ದಯ್ಯ ಅವರ ಮುಖ ದಿಟ್ಟಿಸಿದ. ಕೊಳ್ಳುವವನ ಮುಖ ಹರಳೆಣ್ಣೆ ಕುಡಿದವನ ಹಾಗಿರಬೇಕು. ಇವರದು ಹೋಳಿಗೆ ತಿಂದ ಮುಖ! ಗೋಡೆಯಾಚೆಯಿಂದ ಕರೀಂ ಪಿಸುಗುಟ್ಟಿದ: “ಹೊಗಳ್ತಾವ್ರೆ ಅಣ್ಣಾ. ಚಿನ್ನಾನೇ!”

ಗೋಡೆಯ ಮೇಲೆ ಅಷ್ಟೊತ್ತಿಗೆ ಒಂಬತ್ತು ತಲೆ. ಬೆಲೆ ಬೀದಿಗೆ ಗೊತ್ತಾಗಬಾರದೆಂದು ರೇವಣಸಿದ್ದಯ್ಯ ಕಣ್ಸನ್ನೆ ಮಾಡಿದ. ಹುಚ್ಚಯ್ಯ ಹೆಗಲ ಟವೆಲ್ಲು ತೆಗೆದು, ದನದ ಸಂತೆಯಲ್ಲಿ ಮಾಡುವಂತೆ ಇಬ್ಬರ ಬಲಗೈ ಮೇಲೆ ಹೊದಿಸಿದ.

“ಬೆರಳೊಂದಕ್ಕೆ ಹತ್ತು ಸಾವ್ರ. ಬಾಯಿ ಬಿಚ್ಚಂಗಿಲ್ಲ. ಕೈ ಕುಲುಕುದ್ಮ್ಯಾಲೆ ಮಾತು ತಪ್ಪಂಗಿಲ್ಲ. ತಪ್ಪಿದೋನ ಮನ್ಯಾಗೆ ಮಜ್ಜಿಗೆ ಕಡುದ್ರೆ ಬೆಣ್ಣೆ ಬರಾಕಿಲ್ಲ!”

ರೇವಣಸಿದ್ದಯ್ಯ ಸಾಹೇಬರ ಐದು ಬೆರಳು ಹಿಡಿದ. ಅವರು ಮೂರಕ್ಕೆ ಇಳಿಸುತ್ತಾರೆ, ನಾಲ್ಕಕ್ಕೆ ಮುಗಿಯುತ್ತದೆ ಎಂಬುದು ಲೆಕ್ಕಾಚಾರ. ಸಾಹೇಬರು ಅವನ ಐದು ಬೆರಳು ಹಿಡಿದು ಬಿಟ್ಟು, ಮತ್ತೊಂದು ಹಿಡಿದರು. ಆರು!

ಕೊಳ್ಳುವವನೇ ಏರಿಸುತ್ತಾನಾ? ರೇವಣಸಿದ್ದಯ್ಯ ಅನುಮಾನದಿಂದಲೇ ಏಳು ಹಿಡಿದ. ಸಾಹೇಬರ ಹುಬ್ಬು ಹಾರಿತು. ಅವರೂ ಅನುಮಾನದಿಂದ ಇವನ ಮುಖ ನೋಡುತ್ತ ಎಂಟು ಹಿಡಿದರು. ಇವನು ಒಂಬತ್ತು. ಟವೆಲ್ಲು ಹಾವಾಡಿಗನ ಬುಟ್ಟಿಯ ಹಾಗೆ ಹೊರಳಾಡಿತು. ಸಾಹೇಬರು ಹತ್ತು ಹಿಡಿದದ್ದೇ ತಡ, ಎದುರಿನವನಿಗೆ ಎಲ್ಲಿ ಬುದ್ಧಿ ಬಂದುಬಿಡುತ್ತದೋ ಎಂಬ ಭಯಕ್ಕೆ ಇಬ್ಬರೂ ಒಟ್ಟಿಗೇ ಕೈ ಕುಲುಕಿದರು.

ಆಮೇಲೆ ಇಬ್ಬರೂ ಒಬ್ಬರ ಜೇಬನ್ನೊಬ್ಬರು ನೋಡುತ್ತ ನಿಂತರು. ಮುಂಗಡ ಯಾರ ಜೇಬಿನಿಂದಲೂ ಹೊರಬರಲಿಲ್ಲ.

“ಐದಕ್ಕೆ ಲಾರಿ ತರ್ತೀನಿ,” ಎಂದರು ಸಾಹೇಬರು ಕೊನೆಗೆ. “ಗಾಡಿ, ದುಡ್ಡು, ಆಗ್ಲೇ ಕೈಗೆ ಕೈ.”

ಐದಕ್ಕೆ ಸರಿಯಾಗಿ ಲಾರಿ ಬಂತು. ಹಿಂದಿನ ಹಲಗೆ ಬಿಚ್ಚಿದರು. ಒಳಗೆ ಎರಡೇ ಸೀಟಿನ, ಸೂರಿಲ್ಲದ, ನೀಲಿ ಬಣ್ಣದ ರೋಡ್‌ಸ್ಟರ್ ಒಂದು ಒಕ್ಕಣ್ಣ ದೀಪದಿಂದ ರೇವಣಸಿದ್ದಯ್ಯನನ್ನು ದುರುಗುಟ್ಟಿತು.

“ಇದ್ಯಾಕೆ ತಂದ್ರಿ?”

“ತರ್ದೆ? ಲಕ್ಷಕ್ಕೆ ಕೊಂಡ್ರಲ್ಲ!”

“ನಾನ್ ಕೊಂಡ್ನಾ? ನಾನು ಮಾರ್ದೋನು!”

“ಅರೆ! ನಿಮಗೆ ಹಳೆ ಕಾರಂದ್ರೆ ಆಸೆ ಅಂತ ಈ ಹುಚ್ಚಯ್ಯನೇ ಹೇಳ್ದ!”

“ಇಂಥ ಕಾರು ಎಲ್ಲೈತೆ ಅಂತ ಹುಡುಕ್ತಿದ್ದೋರು ನೀವಲ್ವಾ?”

“ಒಂದು ಇಟ್ಕೊಂಡೋನೇ ತಾನೇ ಸ್ವಾಮಿ ಇನ್ನೊಂದು ಕೊಳ್ಳೋ ಹುಚ್ಚ? ಅದಕ್ಕೇ ಹುಡುಕ್ತಿದ್ದೆ! ಮಾರ್ತೀನಿ ಅಂತ ಬಾಯ್ಬಿಡಬೇಡ ಅಂತ ಇವನಿಗೆ ಹೇಳಿದ್ದೆ, ಬೆಲೆ ಬೀಳುತ್ತೆ ಅಂತ!”

ಇಬ್ಬರೂ ಹುಚ್ಚಯ್ಯನ ಕಡೆ ತಿರುಗಿದರು. ಅವನು ಟವೆಲ್ಲು ಕೊಡವಿದ.

“ಬಾಯ್ಬುಡ್ಬ್ಯಾಡ ಅಂದ್ರಿ, ಬುಡ್ನಿಲ್ಲ. ಬೆರಳು ಎಷ್ಟು ಅಂತ ಹೇಳ್ತದೆ, ಯಾರ್ದು ಅಂತ ಹೇಳಾಕಿಲ್ಲ. ಕೈ ಕುಲುಕಾಗೈತೆ. ಅವ್ರ ಕಾರ್ನ ನೀವು ಲಕ್ಷಕ್ಕೆ ಕೊಂಡ್ರಿ, ನಿಮ್ಮ ಕಾರ್ನ ಅವ್ರು ಲಕ್ಷಕ್ಕೆ ಕೊಂಡ್ರು. ನಿಮ್ ನಿಮ್ದು ಚುಕ್ತಾ. ನಂಗೆ ಎರಡು ಕಡೆ ದಲ್ಲಾಳಿ ದುಡ್ಡು ಬರ್ಬೇಕು.”

ಇಬ್ಬರ ಮನೆಯಲ್ಲೂ ಎಮ್ಮೆಯಿತ್ತು. ಬೆಣ್ಣೆಯ ಮೇಲಿಟ್ಟ ಶಾಪ ಮೀರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನೀಲಿ ಕಾರು ಇಳಿಯಿತು, ಹಸಿರು ಹತ್ತಿತು. “ಬೇಗಂಗೆ ಏನ್ ಹೇಳ್ಲಿ?” ಎಂದು ಗೊಣಗುತ್ತ ಸಾಹೇಬರು ಲಾರಿ ಏರಿದರು. ಬೀದಿಗೆ ಅಡ್ಡ ನಿಂತ ನೀಲಿ ಕಾರನ್ನು “ನಮ್ ಬಾಗ್ಲಿಗೆ ಬ್ಯಾಡ, ನಮ್ ಬಾಗ್ಲಿಗೆ ಬ್ಯಾಡ” ಎನ್ನುತ್ತ ಒಂಬತ್ತೂ ತಲೆಯವರು ಸೇರಿ ಶೆಡ್ಡಿಗೇ ತಳ್ಳಿದರು.

ಆಗಲೇ ಆಟೋ ನಿಂತಿತು. ಮರಿಹುಳದ ತಟ್ಟೆಗಳನ್ನು ಎದೆಗವಚಿಕೊಂಡು ಇಳಿದ ಸರ್ವಮಂಗಳ ಸೀದಾ ಶೆಡ್ಡಿಗೆ ಹೋಗಿ ಇಣುಕಿದಳು. ಕಾರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

“ಮಾರ್ಬುಡ್ರೀ ಅಂತ ಹೇಳ್ಹೋದ್ರೆ, ಬಣ್ಣ ಹೊಡ್ಸಿ ನಿಲ್ಸಿದ್ದೀರಾ?”